ಕೃಷ್ಣಾ-ಘಟಪ್ರಭೆಗಳ ನಡುವಣ ನಾಡಿನಲ್ಲಿ ಸ್ತ್ರೀಯರ ಕವಿತ್ವವೂ ಅದರ ಪ್ರಸಾರವೂ

ಮುಧೋಳವೆಂದೊಡನೆ ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ಮೊದಲು ನೆನಪಾಗುವವನು ರನ್ನ. ಬೆಳುಗಲಿ ಅಯ್ನೂರರ ಜಂಬುಖಂಡಿ ಎಪ್ಪತ್ತರೊಳಗಣ ಮುದುವೊಳಲು ತನ್ನ ಹುಟ್ಟೂರೆಂದು ಕವಿಯೇ ತಿಳಿಸಿರುವನು. ಬಳೆಗಾರ ಕುಲದ ಜಿನವಲ್ಲಭೇಂದ್ರ, ಅಬ್ಬಲಬ್ಬೆಯರ ಮಗನಾಗಿ ಕ್ರಿ.ಶ. ೯೪೯ರಲ್ಲಿ ಜನಿಸಿದ ಈತನು ವಿದ್ಯೆಯನ್ನರಸಿ ಊರು ಬಿಟ್ಟು, ಅಜಿತಸೇನಾಚಾರ್ಯರಲ್ಲಿ ಓದಿ, ಚಾವುಂಡರಾಯನ ಆಶ್ರಯವನ್ನು ಪಡೆದು, ಕೊನೆಗೆ ತೈಲಪನಿಂದ ಕವಿಚಕ್ರವರ್ತಿಯೆನಿಸಿಕೊಂಡ ವೃತ್ತಾಂತವು ಸುಪ್ರಸಿದ್ಧವಾದುದು. ಇಂತಹ ಕವಿಯ ಊರಿನಲ್ಲಿಯೂ ಸುತ್ತಣ ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿಯೂ ಕವಿಗೋಷ್ಠಿಗಳು ನಡೆದಾಗಲೆಲ್ಲ ಒಂದು ಮಾತು ಕೇಳಬರುತ್ತದೆ: ಸ್ತ್ರೀಯರು ಮುಂದೆ ಬರುವುದಿಲ್ಲ, ಬರೆಯುವವರಿದ್ದರೆ ತಾನೆ ಕರೆಯುವುದು ಎಂಬುದೇ ಆ ಮಾತು. ಈ ಸಮಾಧಾನವು ಇತಿಹಾಸದ ಮುಂದೆ ಎಷ್ಟರಮಟ್ಟಿಗೆ ನಿಲ್ಲಬಲ್ಲುದೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಈ ನಾಡಿನಲ್ಲಿ ಸ್ತ್ರೀಯರ ಕವಿತ್ವಕ್ಕೆ ಎಂದೂ ಬರಗಾಲವಿರಲಿಲ್ಲ. ಇದ್ದ ಕವಿತ್ವವು ಯಾರ ಮುಂದೆ ಹಾಡಲ್ಪಟ್ಟಿತು, ಯಾರ ಹೆಸರಿನಲ್ಲಿ ಉಳಿಯಿತು ಎಂಬಲ್ಲಿಯೇ ತೊಡಕು.

ರನ್ನನಿಂದಲೇ ಆರಂಭಿಸಬಹುದು. ಅವನ ಅಜಿತಪುರಾಣವು ೯೯೩ರಲ್ಲಿ ಮುಗಿದುದು ಒಬ್ಬ ಸ್ತ್ರೀಯ ಪ್ರೇರಣೆಯಿಂದ. ದಾನಚಿಂತಾಮಣಿಯೆಂದು ಕೀರ್ತಿವಡೆದ ಅತ್ತಿಮಬ್ಬೆ ಮಲ್ಲಪನ ಮಗಳು, ನಾಗದೇವನ ಪತ್ನಿ. ಗಂಡನು ತೀರಿಕೊಂಡಾಗ ಅವನ ಇನ್ನೊಬ್ಬ ಪತ್ನಿಯೂ ತನ್ನ ತಂಗಿಯೂ ಆದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕಿ ಉಳಿದು ಧರ್ಮಕಾರ್ಯಗಳಲ್ಲಿ ತೊಡಗಿದಳು. ಲಕ್ಕುಂಡಿಯ ಬ್ರಹ್ಮಜಿನಾಲಯ ಅವಳ ಕೀರ್ತಿಯ ಶಿಲಾರೂಪ. ಅಲ್ಲಿಯ ೧೦೦೭ರ ಶಾಸನ ಅವಳ ಗುಣಗಳನ್ನು ಬಾಯ್ತುಂಬ ಕೊಂಡಾಡುತ್ತದೆ. ತನ್ನ ತಂದೆ ಮಲ್ಲಪನೂ ಅವನ ತಮ್ಮ ಪುನ್ನಮಯ್ಯನೂ ಪೊನ್ನನಿಂದ ಬರೆಯಿಸಿದ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಅವಳು ಹಂಚಿದಳೆಂಬುದನ್ನು ನಾವೆಲ್ಲ ಪಾಠಗಳಲ್ಲಿ ಹೇಳುತ್ತೇವೆ. ಆದರೆ ಆ ಸಾವಿರದ ಅರ್ಥವೇನೆಂದು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳುವುದು ಅಪರೂಪ. ತಾಳೆಯ ಗರಿಗಳನ್ನು ಒಣಗಿಸಿ, ಹದಮಾಡಿ, ಅಳತೆಗೆ ಕತ್ತರಿಸಿ, ಕಂಟದಿಂದ ಒಂದೊಂದಕ್ಷರವನ್ನೂ ಕೊರೆದು, ಕಾಡಿಗೆ ತೀಡಿ, ರಂಧ್ರಗಳಲ್ಲಿ ದಾರ ಪೋಣಿಸಿ ಹಲಗೆಗಳ ನಡುವೆ ಕಟ್ಟಿದರೆ ಒಂದು ಪ್ರತಿ. ಹೀಗೆ ಸಾವಿರ ಪ್ರತಿಗಳಾಗಬೇಕಾದರೆ ಲಿಪಿಕಾರರ ಒಂದು ದೊಡ್ಡ ಸಮೂಹವೇ ಬಹುಕಾಲ ದುಡಿದಿರಬೇಕು. ಕಾವ್ಯವು ಬರೆದುದರಿಂದ ಉಳಿಯದು, ಹಂಚಿದುದರಿಂದ ಉಳಿಯುತ್ತದೆ ಎಂಬ ತಿಳಿವಳಿಕೆ ಅವಳಿಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ರನ್ನನು ತನ್ನ ಮಗಳಿಗೆ ಅತ್ತಿಮಬ್ಬೆಯೆಂದೇ ಹೆಸರಿಟ್ಟುದು ಈ ಉಪಕಾರದ ಸ್ಮರಣೆಯಾಗಿ.

ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಹತ್ತನೆಯ ಶತಮಾನದಲ್ಲಿ ಸ್ತ್ರೀಯೊಬ್ಬಳು ಪುರುಷನ ಕಾವ್ಯಕ್ಕೆ ಪ್ರಕಾಶಕಿಯಾಗಬಲ್ಲವಳಾಗಿದ್ದಳು. ಆದರೆ ಅದೇ ಸಾಧನವು ಸ್ತ್ರೀಯ ಕಾವ್ಯಕ್ಕೆ ಒದಗಿ ಬಂದ ನಿದರ್ಶನ ಆ ಆವರಣದಿಂದ ನಮಗೆ ಬಂದಿಲ್ಲ. ಅಭಿನವಪಂಪನ ಕಾಲದವಳೆಂದು ಹೇಳುವ ಕಂತಿಯ ವಿಷಯವಾದರೂ ಸಮಸ್ಯಾಪೂರಣದ ಕಥೆಗಳಾಗಿಯೇ ಉಳಿದಿದೆ. ಕಥೆಯಲ್ಲಿ ಅವಳು ಜಾಣೆ. ಕೃತಿ ಮಾತ್ರ ಇಲ್ಲ. ಇನ್ನೂ ಹಿಂದಕ್ಕೆ ಹೋದರೆ, ರಾಜಶೇಖರನು ಹೊಗಳಿದನೆಂದು ಹೇಳುವ ಕರ್ಣಾಟದ ವಿಜಯಾಂಕೆಯನ್ನು ಬಾದಾಮಿ ಚಾಲುಕ್ಯ ಚಂದ್ರಾದಿತ್ಯನ ರಾಣಿ ವಿಜಯಭಟ್ಟಾರಿಕೆಯೊಡನೆ ಕೆಲವರು ಸಮೀಕರಿಸಿದ್ದಾರೆ. ಅದು ಊಹೆಯೇ ಹೊರತು ಸಿದ್ಧಾಂತವಲ್ಲ. ಮೇಲಾಗಿ ಅವಳದು ಸಂಸ್ಕೃತ ಕವಿತ್ವ. ಅದನ್ನು ಅಲ್ಲಿಗೇ ಬಿಡುವುದು ಲೇಸು.

ಹನ್ನೆರಡನೆಯ ಶತಮಾನದ ಶರಣೆಯರದು ಬೇರೆಯ ಮಾರ್ಗ. ಅಕ್ಕಮಹಾದೇವಿ, ಮುಕ್ತಾಯಕ್ಕ, ನೀಲಮ್ಮ, ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ, ಅಮುಗೆ ರಾಯಮ್ಮ, ಕದಿರ ರೆಮ್ಮವ್ವೆ ಮೊದಲಾಗಿ ಮೂವತ್ತಕ್ಕೂ ಮಿಕ್ಕು ವಚನಕಾರ್ತಿಯರ ಹೆಸರುಗಳು ನಮಗೆ ತಿಳಿದಿವೆ. ಇವರಲ್ಲಿ ಅಕ್ಕಿ ಆಯ್ದವಳಿದ್ದಾಳೆ, ನೂಲು ತೆಗೆದವಳಿದ್ದಾಳೆ. ಇವರ ಕವಿತ್ವಕ್ಕೆ ರಾಜಾಶ್ರಯ ಬೇಕಾಗಲಿಲ್ಲ. ಬೇಕಾಗಿದ್ದುದು ಒಂದು ಗೋಷ್ಠಿ, ಆಡಿದ ಮಾತಿಗೆ ಎದುರುಮಾತು ಕೊಡುವ ಗೋಷ್ಠಿ. ಅಕ್ಕನು ಕಲ್ಯಾಣಕ್ಕೆ ಬಂದಾಗ ಅಲ್ಲಮನು ಅವಳನ್ನು ಪ್ರಶ್ನಿಸಿದ ಸಂದರ್ಭವನ್ನು ಶೂನ್ಯಸಂಪಾದನೆಯ ಸಂಕಲನಕಾರರು ವಿಸ್ತಾರವಾಗಿ ಚಿತ್ರಿಸಿದ್ದಾರೆ. ಆ ಚಿತ್ರಣ ಮೂರು ಶತಮಾನಗಳ ಅನಂತರದ್ದು. ಅದನ್ನು ನಡೆದ ಸಂಗತಿಯ ವರದಿಯೆಂದು ಓದಲಾಗದು. ಆದರೂ ಸ್ತ್ರೀಯ ಮಾತನ್ನು ಪರೀಕ್ಷಿಸಿ ಒಪ್ಪುವುದೇ ಅವಳಿಗೆ ಸಲ್ಲುವ ಗೌರವವೆಂದು ಆ ಸಂಕಲನಕಾರರು ಭಾವಿಸಿದ್ದರೆಂಬುದು ಅದರಿಂದ ಸ್ಪಷ್ಟವಾಗುತ್ತದೆ. ಕೇವಲ ಮೆಚ್ಚುಗೆಯಿಂದ ಕವಿ ಬೆಳೆಯುವುದಿಲ್ಲ. ಈ ವಚನಗಳನ್ನು ಮತ್ತೆ ಬೆಳಕಿಗೆ ತಂದ ಫ. ಗು. ಹಳಕಟ್ಟಿಯವರು ದುಡಿದುದೂ ವಿಜಾಪುರದಲ್ಲಿ. ೧೯೨೩ರಲ್ಲಿ ವಚನಶಾಸ್ತ್ರಸಾರ, ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯ, ೧೯೨೬ರಲ್ಲಿ ಶಿವಾನುಭವ ಪತ್ರಿಕೆ: ಈ ಅನುಕ್ರಮವನ್ನು ನೋಡಿದರೆ ಅತ್ತಿಮಬ್ಬೆಯ ಲಿಪಿಕಾರರ ಕೆಲಸವನ್ನು ಅಚ್ಚಿನ ಮೊಳೆಗಳು ವಹಿಸಿಕೊಂಡುದು ಕಾಣುತ್ತದೆ.

ಈಗ ನಮ್ಮ ವಿಷಯದ ಹೃದಯಭಾಗಕ್ಕೆ ಬರೋಣ. ಬೀಳಗಿ ತಾಲೂಕಿನ ಗಲಗಲಿ ಕೃಷ್ಣೆಯ ದಡದ ಊರು. ಗಾಲವ ಋಷಿಯ ಆಶ್ರಮವಿದ್ದ ಕ್ಷೇತ್ರವೆಂದು ಸ್ಥಳಪುರಾಣ. ಸಂಸ್ಕೃತ ಪಂಡಿತರ ಮನೆತನಗಳಿಗೆ ಅದು ಹೆಸರಾದುದು. ಈ ಊರಿನವಳು ಗಲಗಲಿ ಅವ್ವ. ಸಾಮಾನ್ಯವಾಗಿ ಅವಳನ್ನು ಹದಿನೆಂಟನೆಯ ಶತಮಾನದ ಹರಿದಾಸ ಪರಂಪರೆಗೆ ಸೇರಿಸುತ್ತಾರೆ. ಹೆಸರನ್ನೇ ನೋಡಿರಿ: ಮೊದಲಿನದು ಊರು, ಎರಡನೆಯದು ನಮ್ಮ ಸೀಮೆಯಲ್ಲಿ ತಾಯಿಯನ್ನು ಕರೆಯುವ ಶಬ್ದ. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ತಂತಮ್ಮ ದಾಸನಾಮಗಳಿಂದ ಪ್ರಸಿದ್ಧರಾದರೆ, ಇವಳು ಊರಿಗೆಲ್ಲ ಅವ್ವನಾಗಿಯೇ ಉಳಿದಳು. ಪ್ರೀತಿಯಿಂದ ಬಂದ ಹೆಸರದು ನಿಜ. ಆದರೂ ಕರ್ತೃವನ್ನು ಬಾಂಧವ್ಯದೊಳಗೆ ಮರೆಸಿಬಿಡುವ ಒಂದು ಬಗೆ ಅದರಲ್ಲಿದೆ.

ಅವ್ವನ ರಚನೆಗಳಲ್ಲಿ ಪ್ರಸಿದ್ಧವಾದುದು ಮುಯ್ಯದ ಹಾಡು. ಮುಯ್ಯಿ ಎಂಬುದು ಏನೆಂದು ಈ ಭಾಗದ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ. ಮದುವೆ ಮುಂಜಿಗಳಲ್ಲಿ ಬಂಧುಗಳು ಕೊಡುವ ಉಡುಗೊರೆ ಅದು; ಆದರೆ ಕೊಟ್ಟು ಮರೆಯುವ ಉಡುಗೊರೆಯಲ್ಲ. ಇಂದು ಅವರು ನಮ್ಮ ಮನೆಯಲ್ಲಿ ಮಾಡಿದುದನ್ನು ನಾಳೆ ನಾವು ಅವರ ಮನೆಯಲ್ಲಿ ತೀರಿಸಬೇಕು, ಕಡಮೆಯಾದರೆ ಮಾತು ಬರುತ್ತದೆ. ಮುಯ್ಯಿಗೆ ಮುಯ್ಯಿ ಎಂಬ ನುಡಿ ಹಗೆತನಕ್ಕೂ ಸಲ್ಲುವಂತಾದುದು ಇದರಿಂದಲೇ. ಅವ್ವನು ಈ ಲೌಕಿಕಾಚಾರವನ್ನು ಮಹಾಭಾರತ ಭಾಗವತಗಳ ಪಾತ್ರಗಳ ಮೇಲೆ ಆರೋಪಿಸಿದಳು. ಪಾಂಡವರ ಕಡೆಯ ದ್ರೌಪದಿ ಸುಭದ್ರೆಯರು ಒಂದು ಪಕ್ಷ. ಕೃಷ್ಣನ ಕಡೆಯ ರುಕ್ಮಿಣಿ ಸತ್ಯಭಾಮೆಯರು ಇನ್ನೊಂದು ಪಕ್ಷ. ಮುಯ್ಯಿಯ ನೆವದಲ್ಲಿ ಎರಡು ಪಕ್ಷಗಳೂ ಒಬ್ಬರನ್ನೊಬ್ಬರು ಹಂಗಿಸುತ್ತ, ಒಗಟಿನಂತಹ ಪ್ರಶ್ನೆಗಳನ್ನು ಹಾಕುತ್ತ, ಪುರಾಣದ ಸಂದರ್ಭಗಳನ್ನೇ ಎತ್ತಿ ಎದುರಾಳಿಯ ಗಂಡಂದಿರನ್ನು ಹಾಸ್ಯಕ್ಕೆ ಗುರಿಮಾಡುತ್ತ ಹೋಗುತ್ತಾರೆ. ಹೆಣ್ಣು ಕೊಟ್ಟ ಬೀಗರ ಮನೆಯ ಹೆಂಗಸರು ಕೂಡಿದಾಗಿನ ಸೊಲ್ಲು ಸೊಗಸುಗಳೆಲ್ಲ ಅಲ್ಲಿವೆ. ಇದೇ ಸೀಮೆಯ ಕೃಷ್ಣಪಾರಿಜಾತ ಬಯಲಾಟದಲ್ಲಿ ರುಕ್ಮಿಣಿ ಸತ್ಯಭಾಮೆಯರ ಮಾತ್ಸರ್ಯ ಹೇಗೆ ರಾತ್ರಿಯಿಡೀ ಪ್ರೇಕ್ಷಕರನ್ನು ಹಿಡಿದು ನಿಲ್ಲಿಸುತ್ತದೆಂಬುದನ್ನು ಕಂಡವರಿಗೆ ಇದರ ಸ್ವಾರಸ್ಯ ಬೇಗ ತಿಳಿಯುತ್ತದೆ. ವ್ಯತ್ಯಾಸವೆಂದರೆ, ಪಾರಿಜಾತವನ್ನು ಕಟ್ಟಿದವರು ಅಪರಾಳ ತಮ್ಮಣ್ಣ, ಕುಲಗೋಡ ತಮ್ಮಣ್ಣರೆಂಬ ಪುರುಷರು, ಆಡಿದ ಸ್ಥಳ ಊರ ಬಯಲು. ಮುಯ್ಯದ ಹಾಡನ್ನು ಕಟ್ಟಿದವಳು ಸ್ತ್ರೀ, ಹಾಡಿದ ಸ್ಥಳ ಮನೆಯ ಪಡಸಾಲೆ.

ಅವ್ವನಿಗೆ ಎಳೆಯ ವಯಸ್ಸಿನಲ್ಲಿಯೇ ವೈಧವ್ಯ ಒದಗಿತೆಂದೂ, ಮುದ್ಗಲಾಚಾರ್ಯರೆಂಬ ಪಂಡಿತರಿಂದ ಅವಳು ಪುರಾಣಶ್ರವಣ ಮಾಡಿದಳೆಂದೂ ಹೇಳಿಕೆಯಿದೆ. ಆ ಹೇಳಿಕೆಯನ್ನು ನಂಬುವುದಾದರೆ, ಮಂಗಲಕಾರ್ಯದ ಮುಂದಿನ ಸಾಲಿನಲ್ಲಿ ಕುಳ್ಳಿರಲು ಅವಕಾಶವಿಲ್ಲದವಳ ಹಾಡು ಮಂಗಲಕಾರ್ಯಗಳಲ್ಲಿಯೇ ಹೆಚ್ಚು ಹಾಡಲ್ಪಟ್ಟಿತೆನ್ನಬೇಕಾಗುತ್ತದೆ. ಅದಿರಲಿ. ನಮಗೆ ಇಲ್ಲಿ ಮುಖ್ಯವಾದುದು ಹಾಡಿನ ಘಟನೆ. ಅದು ಒಬ್ಬಳೇ ಕುಳಿತು ಹಾಡಿ ಮುಗಿಸುವಂತಹುದಲ್ಲ. ಎರಡು ಪಕ್ಷಗಳು ಬೇಕು. ಒಂದು ಹಾಡು ಮುಗಿದರೆ ಅದಕ್ಕೆ ಉತ್ತರ ಬೇಕು. ಕೇಳುವವಳು ಮರುಗಳಿಗೆಯಲ್ಲಿ ಹಾಡುವವಳಾಗಬೇಕು. ಹೀಗೆ ಕಾವ್ಯವೇ ತನ್ನ ಗೋಷ್ಠಿಯನ್ನು ನಿರ್ಮಿಸಿಕೊಳ್ಳುವ ಯುಕ್ತಿಯನ್ನು ಅವ್ವನು ಕಂಡುಹಿಡಿದಳು. ಅಂಜುವ ಹುಡುಗಿಯೂ ಬಾಯಿ ಬಿಡಲೇಬೇಕು, ಏಕೆಂದರೆ ತನ್ನ ಪಕ್ಷದ ಮಾನ ಅವಳ ಪಾಲಿಗೆ ಬಂದಿದೆ. ಭಾಗಾನಗರದ ಪ್ರಯಾಗವ್ವ ಮೊದಲಾದ ಮುಂದಿನವರನ್ನು ಅವ್ವನ ಪರಂಪರೆಯಲ್ಲಿ ಎಣಿಸುವುದುಂಟು. ಒಂದು ಹಳ್ಳಿಯ ವೃದ್ಧೆಯ ಸುತ್ತ ಇಂತಹ ಪರಂಪರೆಯೊಂದು ಬೆಳೆಯಿತೆಂಬುದು ಸಣ್ಣ ಸಂಗತಿಯಲ್ಲ. ನಮ್ಮ ಸಾಹಿತ್ಯ ಚರಿತ್ರೆಗಳು ಇದಕ್ಕೆ ಕೊಟ್ಟಿರುವ ಸ್ಥಳ ತೀರ ಸಂಕುಚಿತವೆಂದು ಹೇಳದೆ ಗತ್ಯಂತರವಿಲ್ಲ.

ಇದನ್ನು ದಕ್ಷಿಣದ ಸಂಚಿಯ ಹೊನ್ನಮ್ಮನೊಡನೆ ಹೋಲಿಸಿ ನೋಡಬಹುದು. ಚಿಕ್ಕದೇವರಾಜ ಒಡೆಯರ (೧೬೭೨-೧೭೦೪) ಅರಮನೆಯಲ್ಲಿ ರಾಣಿ ದೇವಾಜಮ್ಮಣ್ಣಿಯ ಸಂಚಿ ಹಿಡಿದವಳು ಹೊನ್ನಮ್ಮ. ರಾಣಿ ಅವಳ ಶಕ್ತಿಯನ್ನು ಗುರುತಿಸಿದಳು, ಅಳಸಿಂಗರಾರ್ಯನು ಕಲಿಸಿದನು, ಹದಿಬದೆಯ ಧರ್ಮ ಸಿದ್ಧವಾಯಿತು. ಅಲ್ಲಿ ಪ್ರೋತ್ಸಾಹವು ಮೇಲಿನಿಂದ ಇಳಿದು ಬಂದುದು. ಕೃತಿಯೂ ಕರ್ತೃವಿನ ಹೆಸರೂ ಭದ್ರವಾಗಿ ಉಳಿದವು, ಆದರೆ ಹೊನ್ನಮ್ಮನ ಹಿಂದೆ ಇನ್ನೊಬ್ಬ ಹೊನ್ನಮ್ಮ ಅರಮನೆಯಲ್ಲಿ ಬೆಳೆದುದು ಕಾಣದು. ಗಲಗಲಿಯಲ್ಲಿ ಪ್ರೋತ್ಸಾಹವು ಸಮಾನರ ನಡುವಿನದು; ಪರಂಪರೆ ಬೆಳೆಯಿತು, ಹೆಸರುಗಳು ಮಾತ್ರ ಮಸಕಾದವು. ರಾಣೆಬೆನ್ನೂರು ಕಡೆಯ ಹೆಳವನಕಟ್ಟೆ ಗಿರಿಯಮ್ಮನ ಚಂದ್ರಹಾಸನ ಕಥೆ ಮೊದಲಾದವು ಸಹ ಹೆಂಗಸರ ಬಾಯಲ್ಲಿಯೇ ಬಾಳಿದವು. ಈ ಎರಡು ದಾರಿಗಳಲ್ಲಿ ಯಾವುದು ಮೇಲು ಎಂದು ಕೇಳಿದರೆ, ನಾವು ಗಲಗಲಿಯ ಪಕ್ಷ.

ಬ್ರಾಹ್ಮಣ ಮನೆತನಗಳ ಪಡಸಾಲೆಯನ್ನು ಬಿಟ್ಟು ಹೊರಗೆ ಬಂದರೆ ಬೀಸುಕಲ್ಲು. ನಸುಕಿನಲ್ಲಿ ಇಬ್ಬರು ಹೆಂಗಸರು ಎದುರುಬದುರು ಕುಳಿತು ಜೋಳ ಬೀಸುತ್ತ, ಒಬ್ಬಳು ಎತ್ತಿಕೊಂಡುದನ್ನು ಇನ್ನೊಬ್ಬಳು ಮುಂದುವರಿಸುತ್ತ ಹಾಡಿದ ತ್ರಿಪದಿಗಳಿಗೆ ಲೆಕ್ಕವಿಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಸುಮಾರು ೭೦೦ರ ಹೊತ್ತಿಗೆ ಕಲ್ಲಿನಲ್ಲಿ ಕಾಣಿಸಿಕೊಂಡ ಛಂದಸ್ಸೇ ಇದು. ಅಲ್ಲಿ ವೀರನೊಬ್ಬನ ಹೊಗಳಿಕೆಗೆ ಬಂದುದು ಇಲ್ಲಿ ತವರಿನ ದಾರಿ, ಅಣ್ಣನ ಬರವು, ಅತ್ತೆಯ ಮನೆಯ ಮಾತು, ಹಸುಗೂಸಿನ ನಗೆಗಳಿಗೆ ಒಗ್ಗಿಕೊಂಡು ಸಾವಿರದ ಮುನ್ನೂರು ವರ್ಷ ಬಾಳಿತು. ಈ ಹಾಡುಗಳನ್ನು ಕೂಡಿಹಾಕಿದ ಕೀರ್ತಿ ಇಂಡಿ ಸೀಮೆಯ ಹಲಸಂಗಿ ಗೆಳೆಯರದು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರ ಪರಿಶ್ರಮದಿಂದ ೧೯೩೧ರಲ್ಲಿ ಗರತಿಯ ಹಾಡು ಅಚ್ಚಾಯಿತು. ಓದುಬಲ್ಲ ಕನ್ನಡಿಗರು ತಮ್ಮ ಮನೆಯ ಹಿತ್ತಲಲ್ಲಿಯೇ ಇದ್ದ ಕಾವ್ಯವನ್ನು ಕಂಡು ಬೆರಗಾದರು.

ಆ ಸಂಕಲನದ ಉಪಕಾರವನ್ನು ಒಪ್ಪಿಕೊಂಡೇ ಎರಡು ಮಾತು ಹೇಳಬೇಕು. ಗರತಿಯ ಹಾಡೆಂಬ ಹೆಸರು ಹಾಡಿಗೆ ಗೌರವವನ್ನು ತಂದಿತು, ಜೊತೆಗೆ ಒಂದು ಬೇಲಿಯನ್ನೂ ಹಾಕಿತು. ಗರತಿಯೆನಿಸಿಕೊಳ್ಳದವಳ ಕಂಠ, ಗರತಿಗೆ ತಕ್ಕುದಲ್ಲವೆನಿಸುವ ಸಿಟ್ಟು, ಇವುಗಳಿಗೆ ಆ ಹೆಸರಿನ ಕೆಳಗೆ ಎಡೆ ಸಿಕ್ಕುವುದು ಕಷ್ಟ. ಎರಡನೆಯದಾಗಿ, ಸಂಗ್ರಾಹಕರ ಹೆಸರುಗಳು ಸಾಹಿತ್ಯ ಚರಿತ್ರೆಗೆ ಸೇರಿದವು, ಹಾಡಿದವರು ಜನಪದವಾದರು. ಜನಪದವೆಂಬ ಶಬ್ದವನ್ನು ನಾವು ಅಧ್ಯಾಪಕರು ಸ್ವಲ್ಪ ಎಚ್ಚರದಿಂದ ಬಳಸುವುದು ಒಳ್ಳೆಯದು. ಪ್ರತಿಯೊಂದು ತ್ರಿಪದಿಯನ್ನೂ ಮೊದಲ ಸಲ ಕಟ್ಟಿದವಳು ಒಬ್ಬಳಿದ್ದೇ ಇದ್ದಳು.

ಬೀಸುಕಲ್ಲಿನ ಕಾವ್ಯಕ್ಕೆ ಮುಕ್ತಾಯ ತಂದುದು ಯಾವ ರಾಜಶಾಸನವೂ ಅಲ್ಲ, ಹಿಟ್ಟಿನ ಗಿರಣಿ. ಹಳ್ಳಿಗೆ ಗಿರಣಿ ಬಂದುದರಿಂದ ಹೆಂಗಸರ ರಟ್ಟೆಗೆ ವಿಶ್ರಾಂತಿ ದೊರೆಯಿತು. ಅದನ್ನು ಹಳಿಯುವವರು ಒಂದು ವಾರ ಬೀಸಿ ನೋಡಬೇಕು. ಆದರೆ ಇಬ್ಬರು ಎದುರುಬದುರು ಕುಳಿತುಕೊಳ್ಳುವ ಆ ಹೊತ್ತು ಹೋಯಿತು, ಅದರೊಡನೆ ಹಾಡಿಗೆ ಸಿಕ್ಕುತ್ತಿದ್ದ ಮೊದಲ ಕೇಳುಗಳೂ ಹೋದಳು. ರಬಕವಿ-ಬನಹಟ್ಟಿಗಳ ನೇಕಾರರ ಮನೆಗಳಲ್ಲಿಯೂ ಇದೇ ಕಥೆ. ಕೈಮಗ್ಗದ ಪಕ್ಕದಲ್ಲಿ ಕಂಡಿಕೆ ಸುತ್ತುತ್ತ ಹಾಡಬಹುದಿತ್ತು. ವಿದ್ಯುತ್ ಮಗ್ಗದ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳಿಸದು.

ಹೊಸಗನ್ನಡದ ಸ್ತ್ರೀಲೇಖಕಿಯರಿಗೆ ಅಚ್ಚಿನ ಗೋಷ್ಠಿ ಮೊದಲು ದೊರೆತುದು ಮೈಸೂರು ಸೀಮೆಯಲ್ಲಿ. ನಂಜನಗೂಡು ತಿರುಮಲಾಂಬಾ ಅವರು ೧೯೧೩ರಲ್ಲಿ ಸತೀಹಿತೈಷಿಣಿ ಗ್ರಂಥಮಾಲೆಯನ್ನು ಆರಂಭಿಸಿದರು, ಆರ್. ಕಲ್ಯಾಣಮ್ಮನವರ ಸರಸ್ವತಿ ಪತ್ರಿಕೆ ೧೯೨೧ರಿಂದ ನಾಲ್ಕು ದಶಕ ನಡೆಯಿತು. ನಮ್ಮ ಸೀಮೆಯ ಪರಿಸ್ಥಿತಿ ಬೇರೆ. ಮುಧೋಳದಲ್ಲಿ ಘೋರ್ಪಡೆಯವರು, ಜಮಖಂಡಿಯಲ್ಲಿ ಪಟವರ್ಧನರು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದುದು. ಜನರ ಮಾತು ಕನ್ನಡ, ಆಳುವವರ ಒಲವು ಮರಾಠಿಯ ಕಡೆ. ಇಂತಹಲ್ಲಿ ೧೯೩೭ರಲ್ಲಿ ಜಮಖಂಡಿಯಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರ ಅಧ್ಯಕ್ಷತೆಯಲ್ಲಿಯೂ, ೧೯೪೪ರಲ್ಲಿ ರಬಕವಿಯಲ್ಲಿ ಶಿ. ಶಿ. ಬಸವನಾಳರ ಅಧ್ಯಕ್ಷತೆಯಲ್ಲಿಯೂ ಕನ್ನಡ ಸಾಹಿತ್ಯ ಸಮ್ಮೇಲನಗಳು ನೆರೆದುದು ಸಾಮಾನ್ಯ ಸಾಧನೆಯಲ್ಲ. ೧೯೪೮ರ ಮಾರ್ಚಿಯಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ರಲ್ಲಿ ನಾಡು ಒಂದಾಯಿತು. ಏಕೀಕರಣದ ಆ ಹೋರಾಟದಲ್ಲಿ ಕನ್ನಡವೇ ಸ್ವತಃ ಮಾತನಾಡಲು ಅವಕಾಶ ಬೇಡುತ್ತಿದ್ದುದರಿಂದ, ಕನ್ನಡದೊಳಗೆ ಇನ್ನಾರು ಮಾತನಾಡದೆ ಉಳಿದಿದ್ದಾರೆಂದು ಕೇಳುವ ಪುರುಸೊತ್ತು ನಾಯಕರಿಗಿರಲಿಲ್ಲ.

ಈ ಎರಡೂ ತಡೆಗಳನ್ನು ಒಮ್ಮೆಗೇ ದಾಟಿದವರು ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು (೧೯೧೨-೧೯೮೬). ಓದಿದುದು ಮರಾಠಿ, ಕನ್ನಡವನ್ನು ತಾವಾಗಿ ಕಲಿತರು. ಸಿದ್ಧರಾಮನ ಚರಿತೆಯನ್ನು ಪುರಾಣವಾಗಿ ಬರೆಯಹೊರಟಾಗ ಅವರು ಆರಿಸಿಕೊಂಡುದು ಪಂಡಿತರ ಷಟ್ಪದಿಯನ್ನಲ್ಲ, ಬೀಸುಕಲ್ಲಿನ ತ್ರಿಪದಿಯನ್ನು. ಹೆಸರಿಲ್ಲದ ಹೆಂಗಸರ ಛಂದಸ್ಸಿಗೆ ಹೆಸರುಳ್ಳ ಹೆಂಗಸೊಬ್ಬರು ಮಹಾಕೃತಿಯ ಪದವಿಯನ್ನು ತಂದುಕೊಟ್ಟರೆಂದು ನಾವು ಇದನ್ನು ಓದುತ್ತೇವೆ. ೧೯೭೪ರ ಮಂಡ್ಯ ಸಮ್ಮೇಲನಕ್ಕೆ ಅವರು ಅಧ್ಯಕ್ಷರಾದರು. ೧೯೧೫ರಲ್ಲಿ ಆರಂಭವಾದ ಸಮ್ಮೇಲನಗಳ ಪೀಠದಲ್ಲಿ ಸ್ತ್ರೀಯೊಬ್ಬರು ಕುಳಿತುದು ಅದೇ ಮೊದಲು. ಐವತ್ತೊಂಬತ್ತು ವರ್ಷ ಬೇಕಾಯಿತು. ಐದು ವರ್ಷಗಳ ಬಳಿಕ, ೧೯೭೯ರಲ್ಲಿ, ಬೆಂಗಳೂರಿನಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿತು. ಎರಡನೆಯ ಅಧ್ಯಕ್ಷೆ ಶಾಂತಾದೇವಿ ಮಾಳವಾಡರು. ಅವರು ಆ ಪೀಠವನ್ನೇರಿದುದು ೨೦೦೦ದಲ್ಲಿ, ನಮ್ಮ ಬಾಗಲಕೋಟೆಯಲ್ಲಿಯೇ. ಜಿಲ್ಲೆ ಹುಟ್ಟಿ ಆಗ ಮೂರು ವರ್ಷ.

ಇಷ್ಟೆಲ್ಲ ಆದ ಮೇಲೂ ಊರ ಕವಿಗೋಷ್ಠಿಗೆ ಹೆಂಗಸರು ಬರುವುದಿಲ್ಲವೆಂದು ಹೇಳುವವರು ಗೋಷ್ಠಿಯ ರೀತಿಯನ್ನು ಒಮ್ಮೆ ಪರಿಶೀಲಿಸಬೇಕು. ಎತ್ತರದ ವೇದಿಕೆ, ಧ್ವನಿವರ್ಧಕ, ಇಳಿಹೊತ್ತಿಗೆಂದು ಸಾರಿ ರಾತ್ರಿ ಆರಂಭವಾಗುವ ಕಾರ್ಯಕ್ರಮ, ಒಬ್ಬೊಬ್ಬರಿಗೆ ನಾಲ್ಕು ನಿಮಿಷ, ಓದಿ ಇಳಿದವರಿಗೆ ಒಂದು ಹಾರ. ಮಾತಿಗೆ ಎದುರುಮಾತಿಲ್ಲ. ಗಲಗಲಿಯ ಪಡಸಾಲೆಯಲ್ಲಿದ್ದ ಗುಣಗಳಲ್ಲಿ ಒಂದೂ ಇಲ್ಲಿಲ್ಲ. ಎರಡು ಪಕ್ಷ ಮಾಡಿ, ಒಂದು ಕವಿತೆಗೆ ಇನ್ನೊಂದರಿಂದ ಉತ್ತರ ಕೊಡಿಸುವ ಗೋಷ್ಠಿಯನ್ನು ನಮ್ಮ ಕಾಲೇಜುಗಳಲ್ಲಿ, ಹಗಲು ಹೊತ್ತಿನಲ್ಲಿ, ಮೊದಲು ಸಣ್ಣದಾಗಿ ನಡೆಸಿ ನೋಡುವುದಕ್ಕೆ ಯಾವ ಅನುದಾನವೂ ಬೇಕಾಗಿಲ್ಲ.

ಇನ್ನೊಂದು ಕೆಲಸ ಇತಿಹಾಸ ವಿಭಾಗಗಳಿಗೇ ಸೇರಿದುದು. ಈ ಸೀಮೆಯ ಅನೇಕ ಮನೆಗಳಲ್ಲಿ ಅಜ್ಜಿಯರು ಬರೆದಿಟ್ಟ ಹಾಡಿನ ವಹಿಗಳಿವೆ. ಶಾಲೆಯ ನೋಟುಪುಸ್ತಕದ ಉಳಿದ ಹಾಳೆಗಳಲ್ಲಿ, ಹಳೆಯ ಲೆಕ್ಕದ ಪುಸ್ತಕಗಳ ಹಿಂಬದಿಯಲ್ಲಿ ಬರೆದವು. ಮನೆ ಬದಲಿಸುವಾಗ ಮೊದಲು ರದ್ದಿಗೆ ಹೋಗುವುದು ಇವೇ. ವಿದ್ಯಾರ್ಥಿಗಳು ಇವುಗಳ ಛಾಯಾಪ್ರತಿ ತೆಗೆಯುವಾಗ ಹಾಡಿನ ಪಾಠವೊಂದನ್ನೇ ತೆಗೆದುಕೊಂಡರೆ ಸಾಲದು. ಬರೆದವಳ ಪೂರ್ಣ ಹೆಸರು, ತವರೂರು, ಯಾರಿಂದ ಕಲಿತಳು, ಯಾವ ಆರತಿಗೆ ಅಥವಾ ಯಾವ ಕಾರ್ಯಕ್ಕೆ ಹಾಡುತ್ತಿದ್ದಳು, ಯಾವ ಸಾಲನ್ನು ತಾನೇ ಸೇರಿಸಿದಳು, ಎಲ್ಲಿ ತಿದ್ದಿದಳು ಎಂಬಿಷ್ಟನ್ನೂ, ಅವಳೋ ಅವಳ ಮಗಳೋ ಒಪ್ಪಿದಲ್ಲಿ, ಅದೇ ಹಾಳೆಯ ಮೇಲ್ಭಾಗದಲ್ಲಿ ದಿನಾಂಕದೊಡನೆ ನಮೂದಿಸಬೇಕು.